ಹಗೇವು ಇಲ್ಲದ ಮನೆ

ಮನೆ ಕೊಳ್ಳುವಾಗ ಹೆಂಗಸರನ್ನು ಕೇಳುವ ರೂಢಿ ನಮ್ಮ ಕಡೆ ಆಗ ಇರಲಿಲ್ಲ. ಗಂಡಸರು ಹೋಗಿ ನೋಡಿ, ಹಿರಿಯರ ಎದುರು ಮಾತು ಮುಗಿಸಿ, ಬಾಯಿ ಕೆಂಪು ಮಾಡಿಕೊಂಡು ಬಂದು ‘ಸಾಮಾನ ಕಟ್ರಿ’ ಅನ್ನುತ್ತಿದ್ದರು. ನಮ್ಮ ಮನೆಯಲ್ಲೂ ನನ್ನನ್ನು ಯಾರೂ ಕೇಳಲಿಲ್ಲ. ನಾನೇ ಬಿಡಲಿಲ್ಲ. ನನ್ನದು ಒಂದೇ ಮಾತಿತ್ತು: ಹಗೇವು ಇರುವ ಮನೆ ಬೇಡ.

ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ ಎಂದು ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಮೇಲೆ ಒಬ್ಬ ಆಳು ಇಳಿಯುವಷ್ಟು ಬಾಯಿ, ಕೆಳಗೆ ಕೋಣೆಯಷ್ಟು ಹೊಟ್ಟೆ. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ಸೆಗಣಿಯಿಂದ ಸಾರಿಸಿಬಿಟ್ಟರೆ ಅಲ್ಲಿ ಅಂಥದೊಂದು ಇದೆಯೆಂದು ಹೊಸಬರಿಗೆ ಗೊತ್ತಾಗುವುದಿಲ್ಲ. ಅದರ ಮೇಲೇ ದನ ಕಟ್ಟುತ್ತಾರೆ, ಅದರ ಮೇಲೇ ಮಕ್ಕಳು ಆಡುತ್ತವೆ. ಮುಚ್ಚಿದ ಹಗೇವಿನ ಗಾಳಿ ಕೆಟ್ಟಿರುತ್ತದೆ. ಕಲ್ಲು ತೆಗೆದು ಬಾಯಿ ತೆರೆದು ಬಿಡಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬೇಕು, ಆರಿದರೆ ಕಾಯಬೇಕು. ಇದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ನನ್ನ ತವರಿನವರಿಗೂ ಗೊತ್ತಿತ್ತು.

ನನ್ನ ತವರು ಇಂಡಿ ತಾಲೂಕಿನಲ್ಲಿ, ಅಗರಖೇಡದ ಆಚೆಗಿನ ಒಂದು ಹಳ್ಳಿ. ನನ್ನ ಮದುವೆಗೆ ಜೋಳ ಬೇಕೆಂದು ಹಗೇವು ತೆಗೆದರು. ನನಗೆ ಅರಿಷಿಣ ಹಚ್ಚಿ ಕೂಡ್ರಿಸಿದ್ದರು. ಬೀಸುವ ಹೆಂಗಸರು ಬಂದು ಬೀಸುಕಲ್ಲಿನ ಮುಂದೆ ಕಾಯುತ್ತಿದ್ದರು. ಎಲ್ಲರಿಗೂ ಅವಸರ. ಕಂದೀಲು ಅಲ್ಲೇ ಗೂಟಕ್ಕೆ ತೂಗುತ್ತಿತ್ತು. ಚಿಮಣಿ ಎಣ್ಣೆ ಮದುವೆಯ ಹಂದರದ ದೀಪಗಳಿಗೆ ಬೇಕಾಗುತ್ತದೆಂದು ಯಾರೂ ಹಚ್ಚಲಿಲ್ಲ. ನನ್ನ ಅಣ್ಣ ಇಳಿದ. ಬುಟ್ಟಿ ಕೇಳಿದ, ಬುಟ್ಟಿ ಕೊಟ್ಟರು, ಆಮೇಲೆ ಅವನ ದನಿ ಕೇಳಲಿಲ್ಲ. ಅವನನ್ನು ಎತ್ತಲು ಇಳಿದ ಆಳೂ ಮೇಲೆ ಬರಲಿಲ್ಲ. ಬಾವಿಗೆ ಬಿದ್ದ ಕೊಡ ತೆಗೆಯುವ ಕೊಕ್ಕೆ ಹಾಕಿ ಇಬ್ಬರನ್ನೂ ಎಳೆದರು.

ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ. ಹೆಣ್ಣು ಗಂಡು ಎನ್ನದೆ ಮನೆಯವರೆಲ್ಲ ಹೋಗಿ ಒಂದೊಂದು ಹಿಡಿ ಮಣ್ಣು ಹಾಕಿ ಬರುತ್ತಾರೆ. ಅರಿಷಿಣದ ಮೈಯವಳು ಮಣ್ಣಿಗೆ ಬರಬಾರದೆಂದು ನನ್ನನ್ನು ಅಡುಗೆಮನೆಯಲ್ಲಿ ಬಿಟ್ಟು ಹೊರಗಿನಿಂದ ಚಿಲಕ ಹಾಕಿದರು. ತಿಂಗಳೊಪ್ಪತ್ತಿನಲ್ಲಿ ಬಾಜಾಬಜಂತ್ರಿ ಇಲ್ಲದೆ ನನ್ನ ಮದುವೆ ಮಾಡಿ ಮುಗಿಸಿದರು. ಊಟಕ್ಕೆ ಅದೇ ಹಗೇವಿನ ಜೋಳದ ರೊಟ್ಟಿ. ವರ್ಷದ ಜೋಳವೆಲ್ಲ ಅದೇ ಆಗಿರುವಾಗ ಬೇರೇನು ತಿನ್ನಬೇಕಿತ್ತು? ಹಗೇವಿನ ಜೋಳಕ್ಕೊಂದು ಮುಗ್ಗಲು ವಾಸನೆ ಇರುತ್ತದೆ. ಈ ವಯಸ್ಸಿನಲ್ಲೂ ಆ ವಾಸನೆ ನೆನಪಾದರೆ ನನಗೆ ತುತ್ತು ಇಳಿಯುವುದಿಲ್ಲ.

ನನ್ನ ಗಂಡ ಕನ್ನಡ ಸಾಲಿ ಮಾಸ್ತರ. ಕರ್ನಾಟಕ ಒಂದಾದ ಹೊಸತರ ಆ ವರ್ಷಗಳಲ್ಲಿ ನಾವು ಸಿಂದಗಿಯಲ್ಲಿ ಬಾಡಿಗೆ ಕೋಣೆಯೊಂದರಲ್ಲಿದ್ದೆವು. ಗಂಡ, ಅತ್ತೆ, ನಾನು, ಎರಡು ಸಣ್ಣ ಮಕ್ಕಳು. ಅಣ್ಣತಮ್ಮಂದಿರು ಬೇರೆಯಾಗಿ ನಮ್ಮ ಪಾಲಿಗೆ ಒಂದಿಷ್ಟು ಹೊಲ, ಒಂದಿಷ್ಟು ದುಡ್ಡು ಬಂದಾಗ ಸ್ವಂತ ಮನೆಯ ಮಾತು ಎದ್ದಿತು. ನಾನು ನನ್ನ ಮಾತು ಹೇಳಿದೆ. ಅತ್ತೆ ಅದಕ್ಕೆ ತಿರುಗಿ ತಮ್ಮ ಮಾತು ಇಟ್ಟರು.

“ಹಗೇವ ಇಲ್ಲದ ಮನ್ಯಾಗ ಉಣ್ಣಾಕ ಗತಿ ಇಲ್ಲದವ್ರು ಇರ್ತಾರ. ನಾಳೆ ಹೊಲದ ಜೋಳ ಬಂದ್ರ ನಿನ್ನ ತಲಿ ಮ್ಯಾಲ ಇಡ್ಲೇನು?”

“ಚೀಲದಾಗ ಇಡೂಣ್ರಿ, ಅತ್ತೀ.”

“ಚೀಲದಾಗ ಇಟ್ರ ಹುಳಾ ತಿಂತಾವು. ನಿಮ್ಮ ಅಣ್ಣ ಸತ್ತದ್ದು ಖರೆ, ನಾ ಇಲ್ಲ ಅನ್ನೂದಿಲ್ಲ. ಬಾವ್ಯಾಗ ಬಿದ್ದು ಸಾಯ್ತಾರಂತ ನೀರ ಕುಡಿಯೂದು ಬಿಟ್ಟಾರೇನು?”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇನ್ನು ನನ್ನ ಗಂಡನ ಬೇಡಿಕೆ ಒಂದೇ, ಮನೆಯಲ್ಲಿ ಜಗಳ ಇರಬಾರದು. ಅಂಥ ಮನೆ ಅವರಿಗೆ ಯಾವ ತಾಲೂಕಿನಲ್ಲೂ ಸಿಗಲಿಲ್ಲ.

ನೋಡಿದ್ದು ಒಂದೆರಡು ಮನೆಯಲ್ಲ. ಸಿಂದಗಿಯಲ್ಲಿ ಒಂದರ ಬಾಗಿಲು ತೆಂಕಣಕ್ಕಿತ್ತು, ಅತ್ತೆ ಹೊಸ್ತಿಲನ್ನೂ ದಾಟಲಿಲ್ಲ. ಇನ್ನೊಂದರ ಬಾವಿ ಸವಳು, ಬೇಳೆ ಬೇಯುವಂತಿರಲಿಲ್ಲ. ಇಂಡಿಯಲ್ಲಿ ಒಳ್ಳೆಯ ಮನೆ ಸಿಕ್ಕಿತ್ತು. ಬೇವಿನ ಕಂಬ, ಅಂಗಳದಲ್ಲಿ ಸಿಹಿನೀರು, ಮಾಳಿಗೆ ಎಲ್ಲೂ ಸೋರಿದ ಗುರುತಿಲ್ಲ. ನಾನು ಪಡಸಾಲೆಯ ಉದ್ದಕ್ಕೂ ಹಿಮ್ಮಡಿಯಿಂದ ನೆಲ ಗುದ್ದುತ್ತ ಹೋದೆ. ನಡುವೆ ಒಂದು ಕಡೆ ನೆಲ ಟೊಳ್ಳು ಸದ್ದು ಕೊಟ್ಟಿತು. ಅಲ್ಲಿಂದಲೇ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡೆ. ಬಸವನ ಬಾಗೇವಾಡಿಯಲ್ಲೂ ಹೀಗೇ ಗುದ್ದುತ್ತಿದ್ದಾಗ ಆ ಮನೆಯಾಕೆ ಕನಿಕರದಿಂದ ಕೇಳಿದಳು: “ಯಾಕ ತಂಗಿ, ಕಾಲಿಗೆ ಜೋಮು ಹಿಡದೈತೇನು?” ದನ ಕಟ್ಟುವಲ್ಲಿ ಒಂದು, ಅಂಗಳದಲ್ಲಿ ಒಂದು, ಅವರಿಗೆ ಎರಡು ಹಗೇವು. ಅತ್ತೆಗೆ ಆ ಮನೆ ಬಹಳ ಹಿಡಿಸಿತ್ತು. ಮುಚ್ಚಿಸಿಬಿಡೋಣ ಎಂದು ನನ್ನ ಗಂಡ ಸಣ್ಣ ದನಿಯಲ್ಲಿ ಅಂದರು. “ನಾ ಸತ್ತ ಮ್ಯಾಲ ಮುಚ್ಚಸ್ರಿ,” ಅಂದರು ಅತ್ತೆ. ತಿರುಗಿ ಬರುವಾಗ ಮೋಟಾರಿನಲ್ಲಿ ಮೂವರೂ ಮೂರು ದಿಕ್ಕಿಗೆ ಮುಖ ಮಾಡಿ ಕೂತಿದ್ದೆವು.

ಮರುವರ್ಷ ಗಂಡನಿಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಅಲ್ಲಿ ಒಬ್ಬ ಒಕ್ಕಲಿಗ ಹೊಲದಲ್ಲೇ ಮನೆ ಕಟ್ಟಿಸಿಕೊಂಡು ಪೇಟೆಯ ಮನೆ ಮಾರುವವನಿದ್ದ. ನಾನು ಹೋದೆ, ಪಡಸಾಲೆ ಗುದ್ದಿದೆ, ಅಡುಗೆಮನೆ ಗುದ್ದಿದೆ, ದನ ಕಟ್ಟುವ ಜಾಗವನ್ನೂ ಬಿಡಲಿಲ್ಲ. ಎಲ್ಲ ಕಡೆಯೂ ನೆಲ ಗಟ್ಟಿ. ಹಗೇವು ಇದೆಯೇನ್ರಿ ಎಂದು ಬಾಯಿಬಿಟ್ಟು ಕೇಳಿದೆ. “ಮಾಸ್ತರಿಗೆ ಎಲ್ಲಾ ಹೇಳೇನ್ರಿ ಅಕ್ಕಾರ,” ಅಂದ ಆತ. ಅತ್ತೆ ತುಟಿಪಿಟಕ್ಕೆನ್ನಲಿಲ್ಲ. ಮುದುಕಿ ಸೋತರು ಎಂದುಕೊಂಡು ಒಳಗೊಳಗೇ ಹಿಗ್ಗಿದೆ.

ಆ ಮನೆ ಕೊಂಡು ಒಕ್ಕಲಾದೆವು. ನಮಗೆ ದನ ಇರಲಿಲ್ಲ. ದನ ಕಟ್ಟುತ್ತಿದ್ದ ಜಾಗ ತಂಪಾಗಿತ್ತೆಂದು ನಾನು, ಮಕ್ಕಳು ಅಲ್ಲೇ ಹಾಸಿಕೊಂಡು ಮಲಗುತ್ತಿದ್ದೆವು. ಸಣ್ಣವಳು ಹೆಜ್ಜೆಯಿಡಲು ಕಲಿತದ್ದೂ ಆ ನೆಲದ ಮೇಲೆಯೇ. ಚಳಿಗಾಲ ಹೋಯಿತು, ಬೇಸಿಗೆ ಹೋಯಿತು. ಮಳೆ ಇನ್ನೇನು ಹಿಡಿಯುತ್ತದೆ ಅನ್ನುವಾಗ ಒಂದು ರವಿವಾರ ಆ ಒಕ್ಕಲಿಗ ಚಕ್ಕಡಿ ಹೊಡೆದುಕೊಂಡು, ಇಬ್ಬರು ಆಳುಗಳನ್ನು ಕರೆದುಕೊಂಡು ಬಂದ.

“ನಮ್ಮ ಜೋಳ ತಗೊಂಡ ಹೊಕ್ಕೇವ್ರಿ ಅಕ್ಕಾರ.”

ಯಾವ ಜೋಳ ಎಂದು ನಾನು ಕೇಳುವುದರೊಳಗೆ ಅವನ ಆಳು ನಮ್ಮ ಹಾಸಿಗೆ ಸುತ್ತಿ ಪಕ್ಕಕ್ಕಿಟ್ಟು ಹಾರೆ ಹಾಕಿದ. ತುಂಬಿದ ಹಗೇವು ಟೊಳ್ಳು ಸದ್ದು ಮಾಡುವುದಿಲ್ಲ. ಊರೂರು ತಿರುಗಿ ಹಿಮ್ಮಡಿ ನೋಯಿಸಿಕೊಂಡ ನನಗೆ ಇಷ್ಟು ಹೊಳೆದಿರಲಿಲ್ಲ.

“ಕೊಡು-ತಗೊಳ್ಳೂ ಮುಂದನ ಮಾತಾಗಿತ್ತಲ್ರಿ, ಮಾಸ್ತರ? ಬ್ಯಾಸಗಿ ಮುಗಿಯೂತನಕ ಜೋಳ ಇರ್ಲಿ ಅಂದಿದ್ದೆ,” ಅಂದ ಆತ. ನಾನು ಗಂಡನ ಮುಖ ನೋಡಿದೆ. ಅವರು ಮಾಳಿಗೆಯ ತೊಲೆ ನೋಡುತ್ತಿದ್ದರು.

“ಇಷ್ಟ ದಿನಾ ಅದರ ಮ್ಯಾಲನ ಮಲಗಿದಿ,” ಅಂದರು ಅತ್ತೆ. “ಏನಾಗೈತಿ ನಿನಗ?”

ಇಬ್ಬರೂ ಸೇರಿ ನನ್ನನ್ನು, ನನ್ನ ಮಕ್ಕಳನ್ನು ಆ ಬಾಯಿಯ ಮೇಲೆ ಮಲಗಿಸಿದ್ದರು. ನನಗೆ ಗಂಡನ ಮೇಲೆ ಅಸಹ್ಯ ಹುಟ್ಟಿತು. ಅದು ಮುಂದೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಕಲ್ಲು ಎತ್ತಿದ ಕೂಡಲೇ ಅದೇ ವಾಸನೆ ಮನೆ ತುಂಬಿತು. ಮೇಲಿನ ಜೋಳವನ್ನು ಬಗ್ಗಿ ಬುಟ್ಟಿಯಲ್ಲಿ ಮೊಗೆದು ಚೀಲಕ್ಕೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಜೋಳ ಕೈಗೆ ಎಟುಕದಷ್ಟು ಕೆಳಗೆ ಹೋಗಿತ್ತು. ಹೊರಗೆ ಮೋಡ ಕವಿಯಿತು. “ಇಳಿಯೋ,” ಅಂದ ಒಕ್ಕಲಿಗ. ಮೀಸೆ ನರೆತ ಆಳೊಬ್ಬ ಧೋತರ ಎತ್ತಿ ಕಟ್ಟಿದ. ನಾನು ಹೋಗಿ ಹಗೇವಿನ ಬಾಯಿಗೆ ಅಡ್ಡಲಾಗಿ ಕೂತೆ.

“ಮದ್ಲ ಕಂದೀಲ ಬಿಟ್ಟು ನೋಡ್ರಿ.”

“ಮುಂಜಾನಿಂದ ಬಾಯಿ ತಗದೈತ್ರಿ ಅಕ್ಕಾರ. ಮಳಿ ಬಂದ್ರ ಜೋಳ ತೊಯ್ತಾವು.”

“ತೊಯ್ಲಿ.”

“ಏಳು,” ಅಂದರು ನನ್ನ ಗಂಡ. “ಮಂದಿ ನೋಡಾಕತ್ತಾರ.”

“ನೋಡ್ಲಿ,” ಅಂದೆ.

ಕಡೆಗೆ ಅತ್ತೆಯೇ ಕಂದೀಲು ಹಚ್ಚಿ ತಂದು ನನ್ನ ಮುಂದೆ ಕುಕ್ಕಿದರು. “ತಗೋ. ಸಮಾಧಾನ ಮಾಡ್ಕೋ.” ಆಳು ಹಗ್ಗ ಕಟ್ಟಿ ಇಳಿಬಿಟ್ಟ. ಎಲ್ಲರೂ ಬಗ್ಗಿ ನೋಡುತ್ತಿದ್ದೆವು. ಹಗೇವಿನ ಕೊರಳು ದಾಟಿದ್ದೇ ದೀಪ ಸಣ್ಣಗಾಯಿತು, ನೀಲಿಯಾಯಿತು, ಆರಿಹೋಯಿತು. ಗಾಳಿಗೆ ಆರಿದಂತೆ ಹೊಯ್ದಾಡಿ ಆರಲಿಲ್ಲ. ಸುಮ್ಮನೆ ಇಲ್ಲವಾಯಿತು. ಆ ಆಳು ಎತ್ತಿ ಕಟ್ಟಿದ ಧೋತರ ಬಿಚ್ಚಿ ಇಳಿಸಿ, ಯಾರ ಮುಖವನ್ನೂ ನೋಡದೆ ಹೊರಗೆ ಹೋಗಿ ಚಕ್ಕಡಿಯ ಗಾಲಿಗೆ ಒರಗಿ ಕೂತ. ಅತ್ತೆ ಬಹಳ ಹೊತ್ತು ಬಗ್ಗಿಯೇ ಇದ್ದರು. ಕತ್ತಲೆಯೊಳಗೆ ಕಾಣಲು ಏನೂ ಇರಲಿಲ್ಲ.

ಎರಡು ಮೂರು ದಿನ ಬಾಯಿ ತೆರೆದಿಟ್ಟು, ದೀಪ ಉರಿದ ಮೇಲೆಯೇ ಉಳಿದ ಜೋಳ ಹೊರಗೆ ಬಂತು. ಅಷ್ಟು ದಿನ ನಾನು ಮಕ್ಕಳನ್ನು ಕಟ್ಟಿಕೊಂಡು ಪಕ್ಕದ ಮನೆಯಲ್ಲಿದ್ದೆ. ಹಗೇವಿಗೆ ಮಣ್ಣು ತುಂಬಿಸದೆ ಒಳಗೆ ಕಾಲಿಡುವುದಿಲ್ಲ ಎಂದು ಹೇಳಿ ಕಳಿಸಿದೆ. ಗಂಡ ಹಳ್ಳದ ಕಡೆಯಿಂದ ಮಣ್ಣು ಹೇರಿಸಿದರು. ಅತ್ತೆ ಅಡ್ಡ ಬರಲಿಲ್ಲ.

ಮಣ್ಣಿನ ರಾಶಿ ಹಗೇವಿನವರೆಗೂ ಬಂದಿತ್ತು. ಆಳುಗಳು ಸಲಿಕೆ ಎತ್ತಿದಾಗ ತಡೆಯಿರಿ ಅಂದೆ. ಯಾಕೆ ಅಂದೆನೋ, ಮೊದಲೇ ಯೋಚಿಸಿದ್ದಲ್ಲ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಬಾಯಿಯ ಹತ್ತಿರ ನಿಂತೆ. ಕೈ ಮುಂದಾಗಲಿಲ್ಲ. ತವರಿನ ಅಡುಗೆಮನೆಯ ಬಾಗಿಲಿನ ಚಿಲಕ, ಹೊರಗೆ ದೂರವಾಗುತ್ತಿದ್ದ ಅಳು, ನನ್ನ ಅರಿಷಿಣದ ಕೈಗಳು ನೆನಪಿಗೆ ಬಂದವು.

ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. “ಗಂಡಸ್ರು ಹಾಕ್ತಾರ, ನೀ…” ಎಂದು ಬಾಯಿಗೆ ಬಂದದ್ದನ್ನು ಅರ್ಧ ಅಂದು ಬಿಟ್ಟರು. ನನ್ನ ಕೈ ನೋಡಿದರು. ಆಮೇಲೆ ಕೇಳಿದರು:

“ಅವನ ಹೆಸರ ಏನಿತ್ತು?”

ನಾನು ಅವರ ಮನೆತನಕ್ಕೆ ಸೊಸೆಯಾಗಿ ಬಂದು ಎರಡು ಮಕ್ಕಳ ತಾಯಿಯಾಗಿದ್ದೆ. ಅಲ್ಲಿಯವರೆಗೆ ನನ್ನ ಅಣ್ಣನ ಹೆಸರು ಯಾರೂ ಕೇಳಿರಲಿಲ್ಲ. ಹೆಸರು ಹೇಳಿ, ಮಣ್ಣು ಹಾಕಿದೆ.