ಓಗೊಡದ ನಾಲ್ಕನೇ ಚಕ್ರ

ಬೆಳಕು ಹರಿಯುವ ಮುನ್ನವೇ ಶಿವಲಿಂಗಮ್ಮ ಶೆಡ್ಡಿನ ಬಾಗಿಲು ತೆರೆದು, ದೀಪ ಹಾಕದೆ ನೆಲದ ಮೇಲೆ ಕೂರುತ್ತಾರೆ. ತೊಲೆಗೆ ಕಟ್ಟಿದ ಹಗ್ಗಗಳಲ್ಲಿ ಕಾರಿನ ನಾಲ್ಕು ಅಲಾಯ್ ಚಕ್ರಗಳು ನೇತಾಡುತ್ತಿವೆ. ಟೈರು ಕಳಚಿ, ತೊಳೆದು, ಒಣಗಲೆಂದು ನಿನ್ನೆ ಸಂಜೆ ತೂಗುಹಾಕಿದವು. ಗಾಳಿಯಿಲ್ಲ. ಅವು ಅಲುಗುವುದಿಲ್ಲ.

"ಒಸಿ ಸದ್ದು ಮಾಡ್ದಂಗೆ ಕೂತ್ಕೊ ಕಣವ್ವ. ಗಾಡಿ ಬತ್ತದೆ," ಎನ್ನುತ್ತಾರೆ, ತಮ್ಮ ಕೆಲಸ ನೋಡಲು ಬಂದ ನನಗೆ.

ಶೆಡ್ಡಿನ ಹಿಂದೆಯೇ ಚನ್ನಪಟ್ಟಣದ ರೈಲು ಹಳಿ. ಮೈಸೂರು ಕಡೆಯಿಂದ ಮೊದಲ ಗಾಡಿ ಬರುತ್ತದೆ, ನೆಲ ನಡುಗುತ್ತದೆ, ಗಾಡಿ ಹೋಗಿಯೂಬಿಡುತ್ತದೆ. ಆಮೇಲೆ ತಲೆಯ ಮೇಲೆ ಏನೋ ಗುನುಗತೊಡಗುತ್ತದೆ. ಯಾರೋ ಬಾಯಿ ಮುಚ್ಚಿಕೊಂಡೇ ಮಗುವನ್ನು ಮಲಗಿಸುತ್ತಿರುವ ಹಾಗೆ. ಶಿವಲಿಂಗಮ್ಮ ಎದ್ದು ಒಂದೊಂದೇ ಚಕ್ರಕ್ಕೆ ಕಿವಿ ಹಿಡಿಯುತ್ತಾರೆ. ಮೂರರ ಬಳಿ ತಲೆಯಾಡಿಸುತ್ತಾರೆ. ನಾಲ್ಕನೆಯದರ ಬಳಿ ಬಹಳ ಹೊತ್ತು ನಿಲ್ಲುತ್ತಾರೆ.

"ಇದು ಓಗೊಡ್ಲಿಲ್ಲ," ಎನ್ನುತ್ತಾರೆ.

ನಾನೂ ಕಿವಿಯಿಟ್ಟೆ. ಕೆನ್ನೆಗೆ ತಣ್ಣಗೆ ಹತ್ತಿತು, ಅಷ್ಟೆ. ಬಾವಿಯೊಳಗೆ ಕೂಗಿದಾಗ ದನಿ ಮರಳದಿದ್ದರೆ ಆಗುವಂಥ ಒಂದು ಅಂಜಿಕೆ.

ನಲವತ್ತೆಂಟರ ಶಿವಲಿಂಗಮ್ಮ ಅಕ್ಕೂರಿನಿಂದ ಮದುವೆಯಾಗಿ ಈ ಊರಿಗೆ ಬಂದವರು. ಇದೇ ಶೆಡ್ಡಿನಲ್ಲಿ ಹದಿನೈದು ವರ್ಷ ಬೊಂಬೆಗಳಿಗೆ ಅರಗಿನ ಹೊಳಪು ಕೊಟ್ಟವರು. ಹೊರದೇಶದ ಪ್ಲಾಸ್ಟಿಕ್ ಬೊಂಬೆ ಬಂದು, ಮರ ಕಡೆಯುವ ಯಂತ್ರಗಳು ನಿಂತವು. ಆರು ವರ್ಷದ ಹಿಂದೆ ಮಾಲೀಕರ ಮಗ ಆಫ್ತಾಬ್ ಅಪಘಾತದ ಕಾರುಗಳ ಚಕ್ರ ಕೊಂಡು ಮಾರುವ ವ್ಯಾಪಾರಕ್ಕಿಳಿದರು. ಹೆದ್ದಾರಿ ಅಗಲವಾಗಿದೆ, ಬಿಡದಿಯ ಕಡೆ ಕಾರ್ಖಾನೆಗಳು ಬಂದಿವೆ. ಸರಕಿಗೆ ಬರವಿಲ್ಲ.

ಲಾರಿಯಲ್ಲಿ ಕಳಿಸಲು ಚಕ್ರಗಳನ್ನು ಕಟ್ಟುವುದು ಈಗ ಶಿವಲಿಂಗಮ್ಮನವರ ಕೆಲಸ, ದಿನಕ್ಕೆ ಎಂಟು, ಒಮ್ಮೊಮ್ಮೆ ಹತ್ತು. ಚಕ್ರದ ಮುಖಕ್ಕೆ ಹಳೇ ಸೀರೆಯ ತುಂಡು, ಎರಡೂ ಬದಿಗೆ ದಪ್ಪ ರಟ್ಟು, ನಡುವಿನ ತೂತಿಗೆ ಪಕ್ಕದ ಮನೆಯ ಬೊಂಬೆ ಕೆಲಸದಲ್ಲಿ ಉದುರಿದ ಮರದ ಹೊಟ್ಟು. ಮೇಲೆ ಗೋಣಿ ಸುತ್ತಿ ದಬ್ಬಣದಿಂದ ಹೊಲಿಗೆ. ಅಂಚು ಎಲ್ಲಿಯೂ ಹೊರಗೆ ಕಾಣಬಾರದು. ಕಂಡಲ್ಲಿ ಪೆಟ್ಟು ಬೀಳುತ್ತದೆ. ನಾಲ್ಕನ್ನು ಒಂದರ ಮೇಲೊಂದು ಇಟ್ಟು ಕಟ್ಟುವುದಿಲ್ಲ, ಎರಡೆರಡೇ. ಲಾರಿಯವರು ಎತ್ತಲಾರದ್ದನ್ನು ಎಸೆಯುತ್ತಾರೆ.

ತೊಳೆಯುವ ಕೆಲಸವೂ ಅವರದೇ. ಕೆಲವು ಚಕ್ರಗಳ ಸಂದಿಯಲ್ಲಿ ಪೂಜೆಯ ಅರಿಶಿನ ಇನ್ನೂ ಹಸಿಯಾಗಿರುತ್ತದಂತೆ. ಕೆಂಪಗಿರುವುದೂ ಸಿಗುತ್ತದೆ. "ಕುಂಕುಮ ಅನ್ಕಂಡೇ ತೊಳೀತೀನಿ ಕಣವ್ವ. ಬ್ಯಾರೆ ಅನ್ಕಂಡ್ರೆ ಉಣ್ಣಾಕಾದದಾ?"

ರೈಲು ದಾಟಿದ ಮೇಲೆ ಚಕ್ರಕ್ಕೆ ಕಿವಿಗೊಡುವುದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಎರಡು ವರ್ಷದ ಹಿಂದೆ ಹೀಗೇ ಒಂದು ಚಕ್ರ ಸುಮ್ಮನಿತ್ತು. ಮನಸ್ಸಿಗೆ ಒಗ್ಗದಿದ್ದರೂ ಕಟ್ಟಿ ಕಳಿಸಿದರು. ತಿಂಗಳೊಳಗೆ ಅದು ಓಡುತ್ತಿರುವಾಗಲೇ ಸೀಳಿತು. ಕೊಂಡವರ ಒಂದು ಕಾಲು ಹೋಯಿತು. ರಸ್ತೆ ಸರಿಯಿರಲಿಲ್ಲ ಎಂದರು ಆಫ್ತಾಬ್. ಅಂದಿನಿಂದ ಶಿವಲಿಂಗಮ್ಮ ಮುಂಜಾನೆ ದೀಪ ಹಾಕುವುದನ್ನು ಬಿಟ್ಟರು, ಕಿವಿಯನ್ನೇ ನಂಬಿದರು.

ಇವತ್ತಿನ ನಾಲ್ಕು ಹೊಸಪೇಟೆಯ ಟ್ಯಾಕ್ಸಿ ಚಾಲಕರೊಬ್ಬರಿಗೆ. ಅವರ ಕಾರು ಚಕ್ರವಿಲ್ಲದೆ ಐದು ದಿನದಿಂದ ಕಲ್ಲಿನ ಮೇಲೆ ನಿಂತಿದೆ. ಪಾರ್ಸೆಲ್ ಲಾರಿ ಒಂಬತ್ತಕ್ಕೆ. ಏಳಕ್ಕೆ ಬಂದ ಆಫ್ತಾಬ್ ಇನ್ನೂ ನೇತಾಡುತ್ತಿರುವ ಚಕ್ರಗಳನ್ನು ನೋಡಿ ತಲೆ ಚಚ್ಚಿಕೊಳ್ಳುತ್ತಾರೆ.

"ಅರೆ ಶಿವಲಿಂಗಕ್ಕ, ಮತ್ತೆ ಭಜನೆ ಕೇಳ್ತಾ ಕೂತ್ರಾ?"

"ನಾಕ್ನೇದು ಬ್ಯಾಡ ಆಫ್ತಾಬಣ್ಣ. ಸತ್ತೈತೆ."

"ಅಲಾಯ್ ಚಕ್ರ ಸಾಯ್ತದಾ?" ಅವರು ಟಾರ್ಚು ಹಾಕಿ ಸುತ್ತ ನೋಡುತ್ತಾರೆ. ಬಣ್ಣ ಕನ್ನಡಿಯ ಹಾಗಿದೆ. ನಟ್ಟು ಬಿಚ್ಚುವ ಪಾನಾದಿಂದ ಬಡಿಯುತ್ತಾರೆ, ಠಣ್ ಎನ್ನುತ್ತದೆ. "ಕೇಳಿದ್ರಾ? ಬದುಕೈತೆ. ಕಟ್ಟಿ."

"ಬಡುದ್ರೆ ಯಾರಾದ್ರೂ ಕಿರುಚ್ತಾರೆ. ತಾನಾಗೇ ಮಾತಾಡ್ಬೇಕು."

"ನಿಮ್ ಕೈಲಾಗಲ್ಲ ಅಂದ್ರೆ ನಾನೇ ಕಟ್ಕೋತೀನಿ. ನಾಳೆಯಿಂದ ಮನೇಲಿ ಕೂತ್ಕೊಂಡು ಗೋಡೆ ಹತ್ರ ಮಾತಾಡಿ."

ಶಿವಲಿಂಗಮ್ಮ ಅಲುಗುವುದಿಲ್ಲ. "ಹಂಗೇ ಆಗ್ಲಿ. ಮೈಸೂರ್ ಕಡೆ ಹೋಗೋ ಗಾಡಿ ಬರೋ ಹೊತ್ತು. ಒಂದ್ ಕಿತ ಅದ್ರ ಮ್ಯಾಲೆ ಕೈ ಮಡಗಿ. ಆಮ್ಯಾಕೆ ಕಳುಸ್ರಪ್ಪ."

ನಗುತ್ತಲೇ ಆಫ್ತಾಬ್ ನಾಲ್ಕನೆಯದರ ಮೇಲೆ ಅಂಗೈ ಇಡುತ್ತಾರೆ. ಗಾಡಿ ಬರುತ್ತದೆ, ದಾಟುತ್ತದೆ. ಮೂರೂ ಗುನುಗುತ್ತವೆ. ನಗು ಮೊದಲು ಹೋಗುತ್ತದೆ, ಆಮೇಲೆ ಅವರು ಬೆಂಕಿ ಮುಟ್ಟಿದವರಂತೆ ಕೈ ಎಳೆದುಕೊಳ್ಳುತ್ತಾರೆ.

"ನಡುಗ್ತಾ ಇದೆ," ಎನ್ನುತ್ತಾರೆ. "ಸದ್ದೇ ಇಲ್ಲ, ಅಕ್ಕ. ಒಳಗೊಳಗೇ ನಡುಗ್ತಾ ಇದೆ."

ಅವರೇ ಮೊಬೈಲು ತೆಗೆದು ಹೊಸಪೇಟೆಗೆ ಹೇಳುತ್ತಾರೆ: ಇವತ್ತು ಮೂರೇ, ಇನ್ನೊಂದು ನಾಳೆ, ಬಣ್ಣ ಒಸಿ ಬೇರೆಯಿರುತ್ತದೆ. ಆ ಕಡೆಯಿಂದ ಬಂದ ಬೈಗುಳ ನಮಗೂ ಕೇಳಿಸುತ್ತದೆ.

"ಇದನ್ನ ಗುಜರಿಗೆ ಹಾಕ್ತೀನಿ."

"ಇಡೀದು ಹಾಕ್ಬ್ಯಾಡಿ. ಅಲ್ಲಿಂದ ಎದ್ದು ಇನ್ನೊಬ್ರ ಕಾರ್ಗೆ ಹೋಯ್ತದೆ. ಒಡುದ್ಬುಟ್ಟು ಹಾಕಿ."

ಆಫ್ತಾಬ್ ಅಂಗಳದಲ್ಲಿ ಸಮ್ಮಟಿಗೆ ಎತ್ತುತ್ತಾರೆ. ಎರಡನೇ ಏಟಿಗೆ ನಡುವಿನ ಕಡ್ಡಿಯೊಂದು ಮುರಿಯುತ್ತದೆ. ಮುರಿದ ಮುಖದಲ್ಲಿ ಒಂದು ಎಳೆ ಮಾತ್ರ ಹೊಸ ಲೋಹದ ಬಿಳುಪು. ಉಳಿದದ್ದೆಲ್ಲ ಕಾಡಿಗೆಯಂಥ ಕಪ್ಪು, ಯಾವಾಗಲೋ ಬಿಟ್ಟ ಬಿರುಕು. ಬಣ್ಣದ ಕೆಳಗೆ ಅದು ಸದ್ದಿಲ್ಲದೆ ಬೆಳೆಯುತ್ತಾ ಬಂದಿತ್ತು. ಆಫ್ತಾಬ್ ಸಮ್ಮಟಿಗೆ ಕೆಳಗಿಟ್ಟು, ಉಳಿದ ಮೂರನ್ನು ತಾವೇ ಹಗ್ಗದಿಂದ ಇಳಿಸಿ ತಂದುಕೊಡುತ್ತಾರೆ.

ದಬ್ಬಣಕ್ಕೆ ದಾರ ಪೋಣಿಸುತ್ತಿದ್ದ ಶಿವಲಿಂಗಮ್ಮನನ್ನು ಹೆದರಿಕೆಯಾಯಿತೇ ಎಂದು ಕೇಳುತ್ತೇನೆ. ಅವರು ತಲೆಯೆತ್ತುವುದಿಲ್ಲ.

"ಆಗ್ದೆ ಇರ್ತದಾ? ಆರ್ ವರ್ಸದಲ್ಲಿ ನಾನು ಕಟ್ಟಿದ್ದು ಲಾರೀಲಿ ಹೋಗ್ವಾಗ ಒಂದೂ ಕೆಟ್ಟಿಲ್ಲ ಕಣವ್ವ. ಇದ್ನೂ ಕಟ್ಬುಟ್ಟಿದ್ರೆ, ಒಂದ್ ಗೀರೂ ಬೀಳ್ದಂಗೆ ಅವ್ರ ಮನೆ ಮುಟ್ಬುಡೋದು."