ವಾಲ್ವ್ ಪೆಟ್ಟಿಗೆಯ ಏಟು

ಯಶವಂತನಗರದ ಗಣಿಯೊಂದರಲ್ಲಿ ನಾನು ಎಲೆಕ್ಟ್ರಿಷಿಯನ್. ದೊಡ್ಡ ಮೋಟಾರುಗಳ ನಡುವೆ ಇಪ್ಪತ್ತು ವರ್ಷ ಕಳೆದರೂ ಒಮ್ಮೆಯೂ ಶಾಕ್ ಹೊಡೆಸಿಕೊಂಡವನಲ್ಲ. ನನ್ನನ್ನು ಹೊಡೆದದ್ದು ಹೊಸಪೇಟೆಯ ಮನೆಯಲ್ಲಿ, ಹಾಡು ಕೇಳಲೆಂದು ತಂದಿಟ್ಟ ಪೆಟ್ಟಿಗೆ.

ಮನೆಯಲ್ಲಿದ್ದ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ದನಿ ಸ್ವಚ್ಛವಾಗಿತ್ತು, ಆದರೆ ಒಣ ಒಣ. ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್ ಒಂದನ್ನು ಅದರ ಮುಂದೆ ಸೇರಿಸಿದರೆ ದನಿ ಮೆತ್ತಗಾಗುತ್ತದೆಂದು ಕೇಳಿದ್ದೆ. ಕಂಪ್ಲಿಯಲ್ಲಿ ರೇಡಿಯೊ ರಿಪೇರಿ ಮಾಡುವ ಅಜ್ಜರೊಬ್ಬರು ತಿಂಗಳು ಕೂತು ಅಂಥ ಪೆಟ್ಟಿಗೆ ಕಟ್ಟಿಕೊಟ್ಟರು.

"ಒಳಗ ಭಾಳ ವೋಲ್ಟೇಜ್ ಐತ್ರಿ. ಪ್ಲಗ್ ತಗದ ಮ್ಯಾಲೂ ಐದ್ ನಿಮಿಷ ಬಿಟ್ಟು ಮುಚ್ಚಳ ತಗೀರಿ" ಎಂದಿದ್ದರು.

ಭಾನುವಾರ ಬೆಳಿಗ್ಗೆ ಜೋಡಿಸಿದೆ. ವಾಲ್ವ್ ಬೆಳಗಲೇ ಇಲ್ಲ. ಪ್ಲಗ್ ಕಿತ್ತು ಮಂಚದ ಮೇಲೆ ಇಟ್ಟು, ಮಂಡಕ್ಕಿ ಒಗ್ಗರಣೆ ತಿಂದು, ಚಹಾ ಕುಡಿದು ಬಂದೆ. ಅರ್ಧ ಗಂಟೆಯಾಗಿತ್ತು. ಮುಚ್ಚಳ ತೆಗೆದು ಕೈ ಹಾಕಿದೆ.

ಯಾರೋ ಮೊಣಕೈಗೆ ಸುತ್ತಿಗೆಯಿಂದ ಬಡಿದಂತಾಯಿತು. ಕುರ್ಚಿ ಸಮೇತ ಹಿಂದಕ್ಕೆ ಬಿದ್ದೆ. ಅಡುಗೆಮನೆಯಿಂದ ಓಡಿ ಬಂದ ಹೆಂಡತಿ ಲಟ್ಟಣಿಗೆಯಿಂದ ವೈರನ್ನು ನನ್ನಿಂದ ದೂರ ತಳ್ಳಲು ಹೋಗಿ, ಹಾಗೇ ನಿಂತುಬಿಟ್ಟಳು.

"ಪ್ಲಗ್ ಇಲ್ಲೇ ಮಂಚದ ಮ್ಯಾಲೆ ಐತಲ್ರೀ!"

ಇಬ್ಬರೂ ಆ ಪ್ಲಗ್ಗನ್ನೇ ನೋಡಿದೆವು. ಕೈ ಹಾಕುವ ಮೊದಲು ಕರೆಂಟಿದೆಯೇ ಎಂದು ಮೀಟರ್ ಹಿಡಿದು ನೋಡಿ ಎಂದು ಗಣಿಯಲ್ಲಿ ಹೊಸಬರಿಗೆಲ್ಲ ಹೇಳುವವನೇ ನಾನು.

ಮಧ್ಯಾಹ್ನ ಪೆಟ್ಟಿಗೆಯನ್ನು ಚಾದರದಲ್ಲಿ ಸುತ್ತಿಕೊಂಡು ಕಂಪ್ಲಿ ಬಸ್ ಹತ್ತಿದೆವು. ಜಗಳವಾಡಲೆಂದೇ ಹೆಂಡತಿಯೂ ಬಂದಳು. "ಇವ್ರು ಸತ್ತೇ ಹೋಗ್ತಿದ್ರು, ಅಜ್ಜಾರ!" ಎಂದು ಅಂಗಡಿ ಬಾಗಿಲಲ್ಲೇ ಶುರು ಮಾಡಿದಳು.

ಅಜ್ಜ ಪೆಟ್ಟಿಗೆಯ ಮುಚ್ಚಳ ತೆಗೆದರು. ಮರದ ಕಡ್ಡಿಯಿಂದ ಒಳಗಿನ ಒಂದೊಂದೇ ತಂತಿ ಅಲ್ಲಾಡಿಸಿದರು. ಎರಡು ತಂತಿಗಳು ಸುಮ್ಮನೆ ಮೇಲೆದ್ದವು. ಒಂದು, ವಾಲ್ವನ್ನು ಕಾಯಿಸುವುದು. ಇನ್ನೊಂದು, ಪ್ಲಗ್ ಕಿತ್ತ ಮೇಲೆ ಕೆಪಾಸಿಟರಿನಲ್ಲಿ ಉಳಿದ ಕರೆಂಟನ್ನು ಇಳಿಸುವುದು. ಎರಡಕ್ಕೂ ಬೆಸುಗೆಯೇ ಹಿಡಿದಿರಲಿಲ್ಲ. ಉಳಿದ ಕರೆಂಟು ಇಳಿಯಲು ದಾರಿಯಿಲ್ಲದೆ ನನ್ನ ಕೈಗಾಗಿ ಕಾದಿತ್ತು.

"ಇಲ್ಲಿ ಬೆಸಗಿ ಕಾಣತೈತೇನ್ ತಮ್ಮಾ?" ಅಜ್ಜ ಕೇಳಿದರು.

"ಇಲ್ರಿ."

"ನನಗ ಕಂಡಂಗ ಆಗಿತ್ತಲ್ಲೋ."

ಅವರ ಮುಖ ಬಿಳಿಚಿಕೊಂಡಿತು. ಬೆಸುಗೆ ಹಾಕುವ ಕಡ್ಡಿಯನ್ನು ನನ್ನ ಕೈಗಿಟ್ಟು, "ಒಯ್ಯಿ. ಇನ್ನ ನಾ ಮುಟ್ಟಂಗಿಲ್ಲ" ಎಂದರು. ಬೆಳಗಿನ ಏಟಿಗಿಂತ ಈ ಮಾತು ನನ್ನನ್ನು ಹೆಚ್ಚು ಅಲ್ಲಾಡಿಸಿತು. ನಲವತ್ತು ವರ್ಷ ಅದೇ ಕೆಲಸ ಮಾಡಿದವರು.

ಜಗಳಕ್ಕೆ ಬಂದವಳೇ ಮೊದಲು ಮಾತಾಡಿದಳು. "ಹಂಗಂದ್ರ ಹೆಂಗ್ರಿ? ಕಣ್ಣು ಡಾಕ್ಟ್ರಿಗೆ ತೋರಿಸೂಣು. ಇವತ್ತು ನೀವು ಹೇಳ್ರಿ, ಇವ್ರು ಹಾಕ್ತಾರ."

ಅವರು ಹೇಳಿದಂತೆ ಬೆಸುಗೆ ಹಾಕಿದೆ. ವಾಲ್ವ್ ಕೆಂಪಗೆ ಹೊತ್ತಿಕೊಂಡಿತು. ಅಂದು ಸಂಜೆ ಮನೆಯಲ್ಲಿ ಹಾಡು ಹಾಕಿದಾಗ, ಹಾಡುವವರು ಸಾಲು ಮುಗಿಸಿ ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಆದರೂ ನಾನು ಆ ಪೆಟ್ಟಿಗೆಯಿಂದ ಮಾರು ದೂರವೇ ಕೂತಿದ್ದೆ.

ಅಜ್ಜನಿಗೆ ಹೊಸಪೇಟೆಯಲ್ಲೇ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದವರು ಮೀಟರ್ ಹಿಡಿಸಿ, ಮುಚ್ಚಳ ತೆಗೆಸಿ, ಒಳಗೆ ಬಾಗಿ ಬಹಳ ಹೊತ್ತು ನೋಡಿದರು.

"ಎಷ್ಟ್ ಕೆಟ್ಟ ಬೆಸಗಿ ಹಾಕೀಯಲೇ!" ಎಂದು ತಮ್ಮ ಬೆಸುಗೆ ಕಡ್ಡಿಯನ್ನು ವಾಪಸ್ ಕೇಳಿ ಇಸಿದುಕೊಂಡರು.