ನೆಲದಾಳದ ಸ್ಟೇಷನ್ನಿಗೆ ಖಾಲಿ ಬಂದ ಕೇಜು

ಇದನ್ನು ಹೇಳಲು ಶುರು ಮಾಡಿದಾಗಲೆಲ್ಲ ಕೇಳುವವರು ಮೊದಲು ನನ್ನ ಬಾಯಿಯ ವಾಸನೆ ನೋಡುತ್ತಾರೆ. ನಾನು ಹೆಂಡ ಮುಟ್ಟಿದವನಲ್ಲ. ಅವತ್ತು ಜ್ವರವೂ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನನ್ನೂರು ಮುಳಬಾಗಿಲಿನಾಚೆಯ ನಂಗಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ಕೋಲಾರ ಜಿಲ್ಲೆಯ ಒಂದು ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದೆ. ನೆಲದೊಳಗೆ, ಸಾವಿರಾರು ಅಡಿ ಕೆಳಗೆ, ಅಲ್ಲೊಂದು ಸ್ಟೇಷನ್ನಿತ್ತು. ಹೌದು, ಅದನ್ನು ಸ್ಟೇಷನ್ ಅಂತಲೇ ಕರೆಯುತ್ತಿದ್ದೆವು. ಮಾಲೂರಿನ ರೈಲ್ವೆ ಸ್ಟೇಷನ್ನಿನ ಹಾಗೆಯೇ ಸುಣ್ಣ ಬಳಿದ ಗೋಡೆ, ಕೂರಲು ಬೆಂಚು, ಕುಡಿಯುವ ನೀರಿನ ಪೀಪಾಯಿ, ಒಂದು ಟೆಲಿಫೋನು. ಸುರಂಗಗಳಿಂದ ಸಣ್ಣ ಹಳಿಗಳ ಮೇಲೆ ಅದಿರಿನ ಟ್ರಾಲಿಗಳು ಬಂದು ಅಲ್ಲಿ ನಿಲ್ಲುತ್ತಿದ್ದವು. ಅದಿರನ್ನೂ ಆಳುಗಳನ್ನೂ ಮೇಲಕ್ಕೆ ಎಳೆಯಲು ಕೇಜು, ಅಂದರೆ ಉಕ್ಕಿನ ಹಗ್ಗಕ್ಕೆ ತೂಗುಬಿಟ್ಟ ಕಬ್ಬಿಣದ ಪಂಜರ. ತಂತಿ ಎಳೆದು, ಮೇಲಿನ ಇಂಜಿನ್ ಮನೆಯಲ್ಲಿ ಗಂಟೆ ಬಾರಿಸಿ ಕೇಜು ಕರೆಸುವುದು ನನ್ನ ಕೆಲಸ.

ಸ್ಟೇಷನ್ನಿನ ಒಂದು ಬದಿಗೆ, ಕಲ್ಲು ಕಟ್ಟಿ ಮುಚ್ಚಿದ ಸುರಂಗವಿತ್ತು. ಟ್ರಾಲಿ ತಳ್ಳುವ ಬಷೀರ್ ಸಾಬರು ಆ ಸ್ಟೇಷನ್ ಕೊರೆದ ಕಾಲದಿಂದ ಅಲ್ಲಿದ್ದವರು. "ಆ ಕಡೆ ಬಂಡೆ ಸಿಡಿದು ಆರು ಜನ ಒಳಗೇ ಉಳಿದ್ರು ಮುನಿಯಪ್ಪ. ತೆಗೆಯೋಕೆ ಆಗ್ಲಿಲ್ಲ. ಹಂಗೇ ಗೋಡೆ ಎಬ್ಸಿಬಿಟ್ರು" ಎಂದು ಒಮ್ಮೆ ನನಗೆ ಹೇಳಿದ್ದರು.

ಅವತ್ತು ಮೇಲೆ ನಡು ಮಧ್ಯಾಹ್ನ. ಕೆಳಗೆ ಎಂದಿನಂತೆ ರಾತ್ರಿ...

ನಾನು, ಸಾಬರು, ಇನ್ನೂ ನಾಲ್ಕು ಆಳುಗಳು ಬುತ್ತಿ ಬಿಚ್ಚಿ ಕೂತಿದ್ದೆವು. ಮೇಸ್ತ್ರಿ ಚೌಡಪ್ಪ ಸುರಂಗದಿಂದ ನುಗ್ಗಿ ಬಂದ. ಸಾಬರ ಟ್ರಾಲಿ ಹಳಿ ತಪ್ಪಿ ಮಗುಚಿತ್ತಂತೆ. ಒಂದು ಮಾತೂ ಕೇಳದೆ, ಕೂತಿದ್ದ ಸಾಬರ ದವಡೆಗೆ ಬೂಟುಗಾಲಲ್ಲಿ ಒದ್ದ. ರಕ್ತ, ಎರಡು ಹಲ್ಲು, ಮುದ್ದೆಯ ತುತ್ತು ಒಟ್ಟಿಗೇ ನೆಲಕ್ಕೆ ಬಿದ್ದವು.

"ಬಿಡಿ ಮೇಸ್ತ್ರೀ! ವಯಸ್ಸಾದೋರು..." ನಾನು ಅಡ್ಡ ಹೋದೆ.

"ನೀನ್ಯಾವನ್ಲಾ ಕೇಳಕ್ಕೆ?" ಎನ್ನುತ್ತ ನನ್ನ ಕುತ್ತಿಗೆ ಹಿಸುಕಿ, ಆ ಮುಚ್ಚಿದ ಗೋಡೆಗೇ ಒತ್ತಿ ಹಿಡಿದ. ಕಣ್ಣು ಕತ್ತಲೆ ಬಂತು.

ಆಗ ನನ್ನ ಬೆನ್ನಿಗೆ ತಾಗಿತು. ಧಡ್... ಧಡ್...

ಗೋಡೆಯ ಆಚೆಯಿಂದ ಯಾರೋ ಬಡಿಯುತ್ತಿದ್ದರು. ಕಲ್ಲಿನ ಸಂದಿಯಿಂದ ಕೊಳೆತ ಬಟ್ಟೆಯ ವಾಸನೆ. ಆಮೇಲೆ ಪಿಸುಮಾತು, ಕಿವಿಯ ಪಕ್ಕದಲ್ಲೇ, ನಮ್ಮ ಗಡಿಯ ಕಡೆಯ ತೆಲುಗಿನಲ್ಲಿ. "ಪೈಕಿ ಪೋಂಡ್ರಾ... ಪೈಕಿ ಪೋಂಡಿ..." ಮೇಲಕ್ಕೆ ಹೋಗಿ ಅಂತ.

ಚೌಡಪ್ಪನ ಬೆರಳುಗಳು ಸಡಿಲವಾದವು. ಅವನಿಗೂ ಕೇಳಿಸಿತ್ತು.

ಅಷ್ಟರಲ್ಲಿ ಮೇಲ್ಛಾವಣಿಯ ಬಂಡೆ ಕಟಕಟ ಎಂದಿತು. ತಲೆಯ ಮೇಲೆ ಸಣ್ಣ ಮರಳು ಉದುರಿತು. ಗಣಿಯಲ್ಲಿ ದುಡಿದವನಿಗೆ ಆ ಸದ್ದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ತಂತಿಯ ಕಡೆ ಓಡಿದೆ. ಕೈ ಇಡುವ ಮೊದಲೇ ಎದುರಿಗೆ ಕೇಜು ಬಂದು ನಿಂತಿತು. ಖಾಲಿ. ಬಾಗಿಲು ತೆರೆದೇ ಇತ್ತು.

ಚೌಡಪ್ಪ ಸರಳೊಂದನ್ನು ಎತ್ತಿಕೊಂಡು ಕೇಜಿಗೆ ಬೆನ್ನು ಕೊಟ್ಟು, ನಮಗೆ ಅಡ್ಡ ನಿಂತ. ಅವನ ಕಣ್ಣಲ್ಲಿ ಭಯವಿತ್ತು, ಆದರೆ ಹಟ ಅದಕ್ಕಿಂತ ದೊಡ್ಡದಿತ್ತು. "ಶಿಫ್ಟ್ ಮುಗಿಯೋಗಂಟ ಒಬ್ಬನೂ ಹತ್ತಂಗಿಲ್ಲ! ಹತ್ತಿದ್ರೆ ತಲೆ ಸೀಳ್ತೀನಿ!"

ಮುಂದೆ ನುಗ್ಗಿದ ಆಳಿನ ಭುಜಕ್ಕೆ ಸರಳು ಬಿತ್ತು. ಮೂಳೆ ಮುರಿದದ್ದು ನಮಗೆಲ್ಲ ಕೇಳಿಸಿತು. ನಾನು ಕೈಗೆ ಸಿಕ್ಕ ಹಾರೆ ಎತ್ತಿದೆ. ನಿಜ ಹೇಳುತ್ತೇನೆ, ಅವನನ್ನು ಕೊಲ್ಲಬೇಕೆಂದೇ ಬೀಸಿದೆ. ಅದೇ ಕ್ಷಣ ದೀಪ ಆರಿತು.

ಚೌಡಪ್ಪ ಕೂಗಿಕೊಂಡು ಬಿದ್ದ. ನಾನು ಹಾರೆ ಬಿಸಾಡಿದೆ. ಒಬ್ಬರನ್ನೊಬ್ಬರು ತಡಕಾಡುತ್ತ ಕೇಜಿಗೆ ನುಗ್ಗಿದೆವು.

"ಅವನ್ನೂ ಎಳ್ಕೊಳ್ರೋ..." ಒಡೆದ ಬಾಯಲ್ಲೇ ಸಾಬರು ಅಂದರು. "ಬಿಟ್ಟು ಹೋಗೋದು ಬೇಡ."

ಕಾಲು ಹಿಡಿದು ಅವನನ್ನು ಒಳಗೆ ಎಳೆದೆವು. ಗಂಟೆ ಹೊಡೆಯಲು ಹೊರಗೆ ಯಾರೂ ಉಳಿದಿರಲಿಲ್ಲ. ಆದರೂ ಕೇಜು ಏರತೊಡಗಿತು.

ನೂರಡಿ ಏರಿದ್ದೆವೋ ಇಲ್ಲವೋ, ಕೆಳಗೆ ಬಂಡೆ ಸಿಡಿಯಿತು. ಬಿಸಿ ಗಾಳಿ ಪಂಜರವನ್ನೇ ಎತ್ತಿ ಗೋಡೆಗೆ ಕುಕ್ಕಿತು. ಒಬ್ಬ ಅಮ್ಮಾ ಎಂದು ಚೀರಿದ. ಕಿವಿ ಗುಂಯ್‌ಗುಟ್ಟುತ್ತ, ಕಲ್ಲಿನ ಪುಡಿ ಕೆಮ್ಮುತ್ತ, ಏಳು ಜನ ಜೀವಂತ ಮೇಲೆ ಬಂದೆವು. ನಮ್ಮ ಸ್ಟೇಷನ್ ಇದ್ದ ಜಾಗವೇ ಮುಚ್ಚಿಹೋಯಿತೆಂದು ಆಮೇಲೆ ಗೊತ್ತಾಯಿತು.

ಇಂಜಿನ್ ಓಡಿಸುವವನು ನನ್ನ ಕೈ ಹಿಡಿದುಕೊಂಡ. "ಒಳ್ಳೇದಾಯ್ತು ಕಣೋ ಮುನಿಯಪ್ಪ, ಎರಡು ಸರ್ತಿನೂ ಸರಿಯಾಗಿ ಗಂಟೆ ಹೊಡ್ದೆ."

ನಾನು ಒಂದು ಸಲವೂ ಹೊಡೆದಿರಲಿಲ್ಲ.

ಚೌಡಪ್ಪನ ಬಲಗೈ ಮುರಿದಿತ್ತು, ತಲೆಯ ಹಿಂಭಾಗ ಒಡೆದಿತ್ತು. ಪೊಲೀಸರು ಬರುತ್ತಾರೆಂದು ಕಾದೆ. ಬರಲಿಲ್ಲ. ಕಲ್ಲು ಬಿತ್ತು ಎಂದು ಚೌಡಪ್ಪನೇ ಬರೆಸಿದ್ದನಂತೆ. ತಪ್ಪೊಪ್ಪಿಕೊಳ್ಳೋಣವೆಂದು ಆಸ್ಪತ್ರೆಗೆ ಹೋದೆ.

"ನಿನ್ನ ಏಟು ಕೈಗೆ ಬಿತ್ತು ಕಣೋ" ಅವನು ದನಿ ತಗ್ಗಿಸಿ ಹೇಳಿದ. "ನೀನು ನನ್ನ ಮುಂದೆ ಇದ್ದೆ. ತಲೆಗೆ ಹೊಡ್ದೋನು ಹಿಂದಿದ್ದ... ಕೇಜಿನೊಳಗೆ."

ನಾನು ಎದ್ದು ಬಂದೆ. ಮತ್ತೆ ಗಣಿಗೆ ಇಳಿಯಲಿಲ್ಲ.

ಮೇಲೆ ಬರುವಷ್ಟು ಹೊತ್ತೂ ಆ ಕತ್ತಲೆಯಲ್ಲಿ ನನ್ನ ಬೆನ್ನಿಗೆ ಒಂದು ಎದೆ ಒತ್ತಿಕೊಂಡಿತ್ತು. ತಣ್ಣಗೆ, ಒದ್ದೆಯಾಗಿ. ಬಷೀರ್ ಸಾಬರು ಅಂದುಕೊಂಡಿದ್ದೆ. ಆದರೆ ಮೇಲೆ ಬೆಳಕು ಬಿದ್ದಾಗ ಸಾಬರು ನನ್ನ ಕಾಲ ಬಳಿ, ಚೌಡಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಉಳಿದ ನಾಲ್ವರೂ ನನ್ನ ಎದುರಿಗಿದ್ದರು...